ಸರಳರೇಖೆಗೆ ಸಮೀಕರಣ ಕೊಟ್ಟ ನ್ಯಾಯಾಧೀಶ: ಪಿಯರ್ ದ ಫರ್ಮಾ

ಎರಡು ಬಿಂದು ಕೊಟ್ಟು ಸರಳರೇಖೆಯ ಇಳಿಜಾರು ಕಂಡುಹಿಡೀರಿ ಅಂದ್ರೆ ನಮ್ಮಲ್ಲಿ ಯಾರೂ ತಲೆ ಕೆಡಿಸಿಕೊಳ್ಳೋದಿಲ್ಲ. ಮೇಲೆ ವೈಗಳ ವ್ಯತ್ಯಾಸ, ಕೆಳಗೆ ಎಕ್ಸ್‌ಗಳ ವ್ಯತ್ಯಾಸ, ಭಾಗಿಸಿದರೆ ಮುಗೀತು. ಪಿಯುಸಿ ದಾಟಿ ಇಲ್ಲಿಗೆ ಬರೋ ಹೊತ್ತಿಗೆ ಅದು ಕೈಗೆ ಎಷ್ಟು ರೂಢಿಯಾಗಿರುತ್ತೆ ಅಂದ್ರೆ, ಇದನ್ನೂ ಯಾರೋ ಒಬ್ಬರು ಮೊದಲ ಸಲ ಯೋಚನೆ ಮಾಡಿರಬೇಕು ಅನ್ನೋದೇ ಮರೆತುಹೋಗಿರುತ್ತೆ. ನೆನಪಾದರೂ ಬಾಯಿಗೆ ಬರೋ ಹೆಸರು ರೆನೆ ದೆಕಾರ್ತ್. ಕಾರ್ಟೀಷಿಯನ್ ಅನ್ನೋ ಪದವೇ ಆತನ ಹೆಸರಿನಿಂದ ಬಂದದ್ದು, ಹಾಗಾಗಿ ಇದು ಸಹಜ. ಆದರೆ ಒಂದನೇ ಘಾತದ ಸಮೀಕರಣ ಬರೆದರೆ ಸಿಗೋದು ಸರಳರೇಖೆಯೇ ಅಂತ ಸ್ಪಷ್ಟವಾಗಿ ಬರೆದು, ಕಾರಣವನ್ನೂ ಕೊಟ್ಟವನು ಇನ್ನೊಬ್ಬ. ವೃತ್ತಿಯಲ್ಲಿ ಆತ ಗಣಿತದ ಮೇಷ್ಟ್ರೂ ಅಲ್ಲ, ಎಂಜಿನಿಯರೂ ಅಲ್ಲ. ತುಲೂಸ್ ನಗರದ ಕೋರ್ಟಿನಲ್ಲಿ ಕೂತು ಕೇಸು ಕೇಳುತ್ತಿದ್ದ ಪಿಯರ್ ದ ಫರ್ಮಾ.

ಫರ್ಮಾ ಹುಟ್ಟಿದ್ದು ದಕ್ಷಿಣ ಫ್ರಾನ್ಸಿನ ಬೊಮೋಂ ದ ಲೊಮಾಞ್ ಅನ್ನೋ ಸಣ್ಣ ಊರಿನಲ್ಲಿ. ಅಪ್ಪ ದೊಮಿನಿಕ್ ಚರ್ಮದ ವ್ಯಾಪಾರಿ, ಊರಿನಲ್ಲಿ ಸ್ಥಿತಿವಂತ. ಹುಟ್ಟಿದ ವರ್ಷದ ವಿಷಯದಲ್ಲೇ ಒಂದು ಗೊಂದಲ ಇದೆ. ಬಹಳ ಕಾಲ ಎಲ್ಲ ಪುಸ್ತಕಗಳೂ 1601 ಅಂತಲೇ ಹೇಳಿದವು, ಯಾಕೆಂದರೆ ಆ ವರ್ಷ ದೊಮಿನಿಕ್ ಮಗ ಪಿಯರ್‌ಗೆ ದೀಕ್ಷಾಸ್ನಾನ ಆದ ದಾಖಲೆ ಸಿಕ್ಕಿತ್ತು. ಆದರೆ ದೊಮಿನಿಕ್‌ಗೆ ಎರಡು ಮದುವೆ. ಆ ದಾಖಲೆ ಮೊದಲ ಹೆಂಡತಿಯ ಮಗನದು, ಆ ಮಗು ಬದುಕಲಿಲ್ಲ, ಗಣಿತದ ಫರ್ಮಾ ಎರಡನೇ ಹೆಂಡತಿ ಕ್ಲೇರ್ ದ ಲೋಂ ಅವರ ಮಗ, ಹುಟ್ಟಿದ್ದು 1607ರ ಕೊನೆಯಲ್ಲಿ ಅನ್ನೋದು ಈಚಿನ ಸಂಶೋಧಕರ ಅಭಿಪ್ರಾಯ. ನಮಗೂ ಅದೇ ಸರಿ ಅನ್ನಿಸುತ್ತೆ.

ಓದಿದ್ದು ಕಾನೂನು, ಓರ್ಲಿಯನ್ಸ್‌ನಲ್ಲಿ. 1631ರಲ್ಲಿ ತುಲೂಸಿನ ಪಾರ್ಲೆಮಾಂನಲ್ಲಿ ಕೌನ್ಸಿಲರ್ ಹುದ್ದೆಗೆ ಸೇರಿದ. ಆ ಕಾಲದ ಫ್ರಾನ್ಸಿನಲ್ಲಿ ಪಾರ್ಲೆಮಾಂ ಅಂದ್ರೆ ನಮ್ಮ ಪಾರ್ಲಿಮೆಂಟ್ ಅಲ್ಲ, ಉಚ್ಚ ನ್ಯಾಯಾಲಯ. ಹುದ್ದೆಯನ್ನ ದುಡ್ಡು ಕೊಟ್ಟು ಕೊಂಡುಕೊಳ್ಳಬೇಕಿತ್ತು, ಅದು ಕಾನೂನುಬದ್ಧವಾಗೇ ಇತ್ತು. ಹುದ್ದೆಯ ಜೊತೆಗೆ ಹೆಸರಿನ ಮಧ್ಯೆ ದ ಸೇರಿಸಿಕೊಳ್ಳೋ ಗೌರವವೂ ಬಂತು. ಅದೇ ವರ್ಷ ತಾಯಿಯ ಕಡೆಯ ದೂರದ ಸಂಬಂಧಿ ಲೂಯಿಸ್ ದ ಲೋಂ ಜೊತೆ ಮದುವೆ. ಮುಂದಿನ 34 ವರ್ಷ ಅದೇ ನೌಕರಿ, ಅದೇ ಸುತ್ತಮುತ್ತ. ಪ್ಯಾರಿಸ್‌ಗೆ ಹೋಗಿ ನೆಲೆಸಲಿಲ್ಲ, ಯಾವ ವಿಶ್ವವಿದ್ಯಾಲಯದಲ್ಲೂ ಗಣಿತದ ಪಾಠ ಹೇಳಲಿಲ್ಲ. ಲ್ಯಾಟಿನ್, ಗ್ರೀಕ್, ಸ್ಪ್ಯಾನಿಷ್, ಇಟಾಲಿಯನ್ ಬರ್ತಿತ್ತು, ಕವಿತೆ ಬರೀತಿದ್ದ, ಹಳೆಯ ಗ್ರೀಕ್ ಗ್ರಂಥಗಳ ಪಾಠದೋಷ ತಿದ್ದೋ ಚಾಳಿಯೂ ಇತ್ತು. ಗಣಿತ ಇವೆಲ್ಲದರ ಜೊತೆಗೆ ಇದ್ದ ಹವ್ಯಾಸ, ಕೋರ್ಟು ಬಿಟ್ಟಮೇಲೆ.

ಹವ್ಯಾಸ ಗಂಭೀರವಾಗಿದ್ದು ಬೋರ್ಡೋ ನಗರದಲ್ಲಿ, 1620ರ ದಶಕದ ಕೊನೆಯಲ್ಲಿ. ಅಲ್ಲಿ ವಿಯೆತ್ ಅನ್ನೋ ಗಣಿತಜ್ಞನ ಬರಹಗಳನ್ನ ಓದಿದ ಗೆಳೆಯರ ಒಂದು ಬಳಗ ಸಿಕ್ಕಿತು. ಬೀಜಗಣಿತದಲ್ಲಿ ತಿಳಿದ ಸಂಖ್ಯೆಗೂ ಅಕ್ಷರ ಇಡಬಹುದು ಅಂತ ತೋರಿಸಿಕೊಟ್ಟವನು ಈ ವಿಯೆತ್. ಗೊತ್ತಿಲ್ಲದ ರಾಶಿಗೆ ಸ್ವರಾಕ್ಷರ, ಗೊತ್ತಿರೋದಕ್ಕೆ ವ್ಯಂಜನ, ಇದು ಆತನ ನಿಯಮ. ಇನ್ನೊಂದು ಕಡೆ ಫರ್ಮಾ, ಗ್ರೀಕ್ ಗಣಿತಜ್ಞ ಅಪೊಲೋನಿಯಸ್ ಬರೆದು ಕಳೆದುಹೋಗಿದ್ದ ಒಂದು ಪುಸ್ತಕವನ್ನ ಮತ್ತೆ ಕಟ್ಟೋಕೆ ಕೂತಿದ್ದ. ಮೂಲ ಇಲ್ಲ; ಪ್ಯಾಪಸ್ ಎಂಬಾತ ಬರೆದಿಟ್ಟಿದ್ದ ಸಾರಾಂಶ ಮಾತ್ರ ಇದೆ. ಯಾವ ಷರತ್ತು ಪಾಲಿಸೋ ಬಿಂದುಗಳೆಲ್ಲ ಸೇರಿ ಗೆರೆ ಆಗ್ತವೆ, ಯಾವುದು ವೃತ್ತ ಆಗುತ್ತೆ, ಇದು ಆ ಪುಸ್ತಕದ ವಿಷಯ. ಒಂದೊಂದು ಪ್ರಮೇಯಕ್ಕೂ ಬೇರೆ ಬೇರೆ ಚಿತ್ರ, ಬೇರೆ ಬೇರೆ ಉಪಾಯ. ಇದನ್ನೆಲ್ಲ ವಿಯೆತ್‌ನ ಅಕ್ಷರಗಳಿಂದ ಒಂದೇ ಏಟಿಗೆ ಮಾಡಬಹುದಲ್ವಾ ಅಂತ ಫರ್ಮಾಗೆ ಹೊಳೆಯಿತು. ಅದರಿಂದ ಹುಟ್ಟಿದ್ದು ಸಮತಲ ಮತ್ತು ಘನ ಪಥಗಳಿಗೆ ಪ್ರವೇಶಿಕೆ ಅನ್ನೋ ಅರ್ಥದ ಲ್ಯಾಟಿನ್ ಹೆಸರಿನ ಒಂದು ಪುಟ್ಟ ಹಸ್ತಪ್ರತಿ. 1637ರಲ್ಲಿ ದೆಕಾರ್ತ್‌ನ ಜ್ಯಾಮಿತಿ ಪುಸ್ತಕ ಹೊರಬರೋದಕ್ಕೆ ಮೊದಲೇ ಫರ್ಮಾ ಇದನ್ನ ಬರೆದಾಗಿತ್ತು.

ಅದರೊಳಗೆ ಏನಿದೆ ನೋಡೋಣ. ಒಂದು ಅಡ್ಡಗೆರೆ, ಅದರ ಮೇಲೆ ಎನ್ ಅನ್ನೋ ಸ್ಥಿರ ಬಿಂದು. ಎನ್‌ನಿಂದ ಗೆರೆಯ ಮೇಲೆ ಎ ಅಳತೆಯಷ್ಟು ದೂರ ಹೋಗಿ, ಅಲ್ಲಿ ಗೊತ್ತಾದ ಒಂದು ಕೋನದಲ್ಲಿ ಇ ಅಳತೆಯ ಕಡ್ಡಿಯೊಂದನ್ನ ನಿಲ್ಲಿಸಿ. ಎ ಬದಲಾದ ಹಾಗೆ ಇ ಕೂಡ ಬದಲಾಗುತ್ತೆ. ಷರತ್ತು ಇಷ್ಟೇ, ಡಿ ಗುಣಿಸು ಎ ಅನ್ನೋದು ಬಿ ಗುಣಿಸು ಇ ಗೆ ಸಮ ಇರಬೇಕು. ಡಿ, ಬಿ ಎರಡೂ ಸ್ಥಿರ. ಹಾಗಾದರೆ ಕಡ್ಡಿಯ ತುದಿ ಎಲ್ಲೆಲ್ಲಿ ಓಡಾಡುತ್ತೆ? ಫರ್ಮಾ ವಾದ ಎರಡು ಸಾಲಿನದು. ಇ ಮತ್ತು ಎ ಗಳ ಅನುಪಾತ ಯಾವಾಗಲೂ ಡಿ ಮತ್ತು ಬಿ ಗಳ ಅನುಪಾತವೇ. ಅನುಪಾತ ಒಂದೇ, ನಡುವಿನ ಕೋನವೂ ಒಂದೇ ಅಂದಮೇಲೆ ಹುಟ್ಟೋ ತ್ರಿಭುಜಗಳೆಲ್ಲ ಸಮರೂಪ. ಸಮರೂಪ ಅಂದಮೇಲೆ ಎನ್ ಬಿಂದುವಿನಲ್ಲಿ ಆಗೋ ಕೋನ ಬದಲಾಗೋದಿಲ್ಲ. ಕೋನ ಬದಲಾಗದಿದ್ದರೆ ತುದಿ ಆ ಒಂದು ಗೆರೆ ಬಿಟ್ಟು ಆಚೆ ಹೋಗೋ ಹಾಗಿಲ್ಲ.

ಇದೇ ನಮ್ಮ ಇಳಿಜಾರು. ಡಿ ಭಾಗಿಸು ಬಿ ಅನ್ನೋದನ್ನ ನಾವು ಎಮ್ ಅಂತ ಬರೆದು ವೈ = ಎಮ್‌ಎಕ್ಸ್ ಅಂತೀವಿ. ಗೆರೆಯ ಯಾವ ಎರಡು ಬಿಂದು ಆರಿಸಿಕೊಂಡರೂ ಇಳಿಜಾರು ಅಷ್ಟೇ ಬರುತ್ತೆ ಅಂತ ಹೈಸ್ಕೂಲಿನಲ್ಲಿ ಹೇಳಿಕೊಟ್ಟರು, ಯಾಕೆ ಅಷ್ಟೇ ಬರಬೇಕು ಅಂತ ಕೇಳಿದವರು ಕಡಿಮೆ. ಉತ್ತರ ಸಮರೂಪ ತ್ರಿಭುಜ. ಎಸ್ಸೆಸ್ಸೆಲ್ಸಿಯಲ್ಲಿ ಥೇಲ್ಸ್ ಪ್ರಮೇಯ ಒಂದು ಅಧ್ಯಾಯದಲ್ಲಿ, ನಿರ್ದೇಶಾಂಕ ರೇಖಾಗಣಿತ ಇನ್ನೊಂದು ಅಧ್ಯಾಯದಲ್ಲಿ. ಎರಡರ ನಡುವಿನ ಬಾಗಿಲು ಫರ್ಮಾ ತೆರೆದಿಟ್ಟದ್ದು. ಮುಂದೆ ಆತ ಒಂದು ಸ್ಥಿರ ರಾಶಿಯನ್ನೂ ಸೇರಿಸ್ತಾನೆ. ಅದರಿಂದ ಡಿ ಗುಣಿಸು ಎ ಕಳೆದು ಉಳಿದದ್ದು ಬಿ ಗುಣಿಸು ಇ ಗೆ ಸಮ ಅಂತ ಇದ್ದರೆ? ಶುರುಮಾಡೋ ಬಿಂದುವನ್ನ ಎನ್‌ನಿಂದ ಇನ್ನೊಂದು ಕಡೆಗೆ ಸರಿಸಿದರೆ ಮತ್ತೆ ಮೊದಲಿನ ರೂಪವೇ ಬರುತ್ತೆ ಅಂತ ತೋರಿಸ್ತಾನೆ. ಇದು ಮೂಲಬಿಂದು ಸ್ಥಳಾಂತರ. ಇಳಿಯೋ ಗೆರೆಯೂ ಲೆಕ್ಕಕ್ಕೆ ಬಂತು.

ನಮ್ಮ ಗ್ರಾಫ್ ಶೀಟನ್ನ ಮನಸ್ಸಿನಲ್ಲಿ ಇಟ್ಟುಕೊಂಡು ಆತನ ಚಿತ್ರ ನೋಡಿದರೆ ವಿಚಿತ್ರ ಅನ್ನಿಸುತ್ತೆ. ಅಕ್ಷ ಒಂದೇ. ವೈ ಅಕ್ಷ ಅಂತ ಬೇರೆ ಗೆರೆ ಇಲ್ಲ, ಕಡ್ಡಿ ಮಾತ್ರ. ಋಣ ಸಂಖ್ಯೆಗೆ ಜಾಗವಿಲ್ಲ, ಹಾಗಾಗಿ ಗೆರೆ ಮೊದಲ ಚತುರ್ಥಕದಲ್ಲೇ ನಿಲ್ಲುತ್ತೆ. ಎಮ್ ಅಕ್ಷರವೂ ಇಲ್ಲ. ಅಂದಹಾಗೆ, ಹತ್ತೋದು ಅನ್ನೋ ಅರ್ಥದ ಫ್ರೆಂಚ್ ಪದದಿಂದ ದೆಕಾರ್ತ್ ಈ ಎಮ್ ತಗೊಂಡ ಅಂತ ಒಂದು ಕಥೆ ಕ್ಲಾಸುಗಳಲ್ಲಿ ಓಡಾಡುತ್ತೆ. ಚೆನ್ನಾಗಿದೆ, ಆದರೆ ದೆಕಾರ್ತ್ ಬರಹದಲ್ಲಿ ಅದಕ್ಕೆ ಆಧಾರವಿಲ್ಲ.

ದೆಕಾರ್ತ್‌ಗೆ ಸರಳರೇಖೆಯ ಮೇಲೆ ಅಂಥ ಆಸಕ್ತಿಯೇ ಇರಲಿಲ್ಲ. ಪ್ಯಾಪಸ್ ಬಿಟ್ಟುಹೋಗಿದ್ದ ಒಂದು ದೊಡ್ಡ ಸಮಸ್ಯೆಯನ್ನ ಬಿಡಿಸಿ ತನ್ನ ವಿಧಾನದ ಶಕ್ತಿ ತೋರಿಸೋದು ಆತನ ಉದ್ದೇಶ. ಆತ ವಕ್ರರೇಖೆಯಿಂದ ಹೊರಟು ಸಮೀಕರಣಕ್ಕೆ ಬರ್ತಾನೆ, ಫರ್ಮಾ ಸಮೀಕರಣದಿಂದ ಹೊರಟು ರೇಖೆಗೆ ಹೋಗ್ತಾನೆ. ನಮ್ಮ ಇವತ್ತಿನ ಪಠ್ಯಪುಸ್ತಕ ಹಿಡಿದಿರೋದು ಹೆಚ್ಚಾಗಿ ಫರ್ಮಾ ದಾರಿಯನ್ನ. ಬರವಣಿಗೆ ಮಾತ್ರ ದೆಕಾರ್ತ್‌ನದು: ಎಕ್ಸ್, ವೈ ಆತ ಕೊಟ್ಟದ್ದು, ಘಾತವನ್ನ ತಲೆಯ ಮೇಲೆ ಸಣ್ಣ ಅಂಕಿಯಾಗಿ ಬರೆಯೋದನ್ನ ರೂಢಿಗೆ ತಂದವನೂ ಆತನೇ. ಫರ್ಮಾ ಜೀವನಪೂರ್ತಿ ವಿಯೆತ್‌ನ ಹಳೆಯ ಉದ್ದುದ್ದ ಬರವಣಿಗೆಯನ್ನೇ ಹಿಡಿದುಕೊಂಡ. ಅದನ್ನ ಓದೋಕೆ ತಾಳ್ಮೆ ಬೇಕು.

ಇಬ್ಬರ ನಡುವೆ ನಿಜವಾದ ವ್ಯತ್ಯಾಸ ಮಾಡಿದ್ದು ಅಚ್ಚು. ದೆಕಾರ್ತ್ ಪುಸ್ತಕ ಮುದ್ರಣವಾಯ್ತು. ಫರ್ಮಾ ಕಾಗದ ಬರೆದ. ಪ್ಯಾರಿಸ್‌ನಲ್ಲಿ ಮಾರೆನ್ ಮೆರ್ಸೆನ್ ಅನ್ನೋ ಒಬ್ಬ ಸನ್ಯಾಸಿ ಇದ್ದ. ಯುರೋಪಿನ ವಿದ್ವಾಂಸರೆಲ್ಲ ಆತನಿಗೆ ಪತ್ರ ಬರೀತಿದ್ರು, ಆತ ಒಬ್ಬರದನ್ನ ಇನ್ನೊಬ್ಬರಿಗೆ ಕಳಿಸ್ತಿದ್ದ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಗ್ರೂಪ್ ಅಡ್ಮಿನ್. 1636ರಲ್ಲಿ ಫರ್ಮಾ ಆ ವಲಯದೊಳಗೆ ಬಂದ, ತುಲೂಸಿನಲ್ಲಿ ಸಹೋದ್ಯೋಗಿಯಾಗಿದ್ದು ಪ್ಯಾರಿಸ್‌ಗೆ ಹೋದ ಕಾರ್ಕಾವಿಯ ಮೂಲಕ. ಉತ್ತರ ಗೊತ್ತಿದ್ದ ಪ್ರಶ್ನೆಗಳನ್ನೇ ಸವಾಲಾಗಿ ಕಳಿಸೋದು, ಸಾಧನೆ ಕೇಳಿದರೆ ಅರ್ಧ ಹೇಳೋದು, ಪ್ರಕಟಿಸಿ ಅಂದರೆ ತಿದ್ದೋಕೆ ಪುರುಸೊತ್ತಿಲ್ಲ ಅನ್ನೋದು, ಇದು ಆತನ ಜಾಯಮಾನ. ವಿನಯ ಅಂತ ಕೆಲವರು ಹೇಳ್ತಾರೆ. ನಮಗೆ ಇದರಲ್ಲಿ ವಿನಯದ ಜೊತೆ ಸ್ವಲ್ಪ ಸೋಮಾರಿತನ, ಸ್ವಲ್ಪ ಜಂಬವೂ ಕಾಣುತ್ತೆ. ರೆಕಾರ್ಡ್ ಬರೆಯೋದು ಬೇಜಾರು, ಆದರೆ ರೀಡಿಂಗ್ ಬಂದಿದೆ ನೋಡಿ ಅಂತ ತೋರಿಸೋ ಆಸೆ ಇದೆ, ಹಾಗೆ.

ಹೀಗೆ ಕಾಗದದಲ್ಲಿ ಓಡಾಡಿದ ವಿಷಯಗಳಲ್ಲಿ ಅತ್ಯಂತ ಮುಖ್ಯವಾದದ್ದು ಸ್ಪರ್ಶಕ. ಸರಳರೇಖೆಗೆ ಎಲ್ಲಿ ಅಳೆದರೂ ಒಂದೇ ಇಳಿಜಾರು. ವಕ್ರರೇಖೆಗೆ ಹಾಗಲ್ಲ. ಒಂದು ಬಿಂದುವಿನಲ್ಲಿ ಅದರ ಇಳಿಜಾರು ಹೇಗೆ ಹೇಳೋದು? ಫರ್ಮಾ ವಿಧಾನವನ್ನ ನಮ್ಮ ಅಂಕಿಗಳಲ್ಲೇ ಮಾಡಿನೋಡೋಣ. ವೈ = ಎಕ್ಸ್ ವರ್ಗ ಅನ್ನೋ ಪರವಲಯ, ಎಕ್ಸ್ 3, ವೈ 9 ಇರೋ ಬಿಂದು. ಅಲ್ಲಿನ ಸ್ಪರ್ಶಕ ಕೆಳಗಿಳಿದು ಅಡ್ಡಗೆರೆಯನ್ನ ಮುಟ್ಟೋ ಜಾಗದಿಂದ ಎಕ್ಸ್ 3ರವರೆಗಿನ ದೂರ ಟಿ ಅಂತಿರಲಿ. ಫರ್ಮಾ ಹುಡುಕ್ತಿದ್ದದ್ದು ಇಳಿಜಾರನ್ನಲ್ಲ, ಈ ಟಿಯನ್ನ. ಆದರೆ ಇಳಿಜಾರು ಅಂದ್ರೆ 9 ಭಾಗಿಸು ಟಿ, ಹಾಗಾಗಿ ಎರಡೂ ಒಂದೇ ಮಾತು. ಈಗ ಇ ಅಷ್ಟು ಮುಂದಕ್ಕೆ ಹೋಗಿ. ಅಲ್ಲಿ ವಕ್ರರೇಖೆಯ ಎತ್ತರ 9 + 6ಇ + ಇ ವರ್ಗ. ಸ್ಪರ್ಶಕದ ಎತ್ತರ, ಮತ್ತೆ ಸಮರೂಪ ತ್ರಿಭುಜದಿಂದ, 9 ಕೂಡಿಸು ಇಯ 9/ಟಿ ಪಟ್ಟು. ಎರಡೂ ಹೆಚ್ಚುಕಡಿಮೆ ಸಮ ಅಂತ ಇಟ್ಟುಕೊಳ್ಳಿ. 9 ಹೋಯ್ತು. ಉಳಿದದ್ದನ್ನ ಇಯಿಂದ ಭಾಗಿಸಿದರೆ 9/ಟಿ = 6 + ಇ. ಈಗ ಇ ಬಿಟ್ಟುಬಿಡಿ. ಇಳಿಜಾರು 6, ಟಿ ಒಂದೂವರೆ. ಡೆರಿವೇಟಿವ್ ಹಾಕಿದರೂ 2 ಗುಣಿಸು 3, ಆರೇ. ಇ ಜಾಗದಲ್ಲಿ 1 ಇಟ್ಟರೆ ಎರಡು ಬಿಂದುಗಳ ನಡುವಿನ ಇಳಿಜಾರು 7, 0.1 ಇಟ್ಟರೆ 6.1, 0.01 ಇಟ್ಟರೆ 6.01. ನ್ಯೂಟನ್ ಹುಟ್ಟೋದಕ್ಕೂ ಮೊದಲಿನ ಲೆಕ್ಕ ಇದು.

ಇದೇ ಇಯಿಂದ ಗರಿಷ್ಠ, ಕನಿಷ್ಠಗಳನ್ನೂ ಕಂಡುಹಿಡಿದ. ಬಿ ಉದ್ದದ ಕಡ್ಡಿಯನ್ನ ಎರಡು ತುಂಡು ಮಾಡಿ ಅವುಗಳ ಗುಣಲಬ್ಧ ಅತಿ ಹೆಚ್ಚು ಆಗಬೇಕು ಅಂದರೆ ಸರಿಯಾಗಿ ಮಧ್ಯಕ್ಕೆ ಮುರೀಬೇಕು ಅನ್ನೋದು ಆತ ಕೊಟ್ಟ ಉದಾಹರಣೆ.

ಇಯಿಂದ ಭಾಗಿಸೋವಾಗ ಅದು ಸೊನ್ನೆ ಅಲ್ಲ, ಕೊನೆಗೆ ಬಿಟ್ಟುಬಿಡೋವಾಗ ಸೊನ್ನೆ. ಇದು ಹೇಗೆ ಸಾಧ್ಯ? ಫರ್ಮಾ ಸರಿಯಾದ ವಿವರಣೆ ಕೊಡಲಿಲ್ಲ, ಕೊಡೋಕೆ ಬೇಕಾದ ಲಿಮಿಟ್ ಕಲ್ಪನೆ ಗಟ್ಟಿಯಾಗೋಕೆ ಇನ್ನೂ ಇನ್ನೂರು ವರ್ಷ ಬೇಕಿತ್ತು. ಆದರೆ ದೆಕಾರ್ತ್‌ಗೆ ಹಿಡಿಯೋಕೆ ಇಷ್ಟು ಸಾಕಾಯ್ತು. ಅದಕ್ಕೆ ಮೊದಲೇ ಸಿಟ್ಟಿತ್ತು. ಬೆಳಕಿನ ಬಗ್ಗೆ ದೆಕಾರ್ತ್ ಬರೆದದ್ದನ್ನ ಫರ್ಮಾ ಒಪ್ಪಿರಲಿಲ್ಲ, ಹಾಗಂತ ಮೆರ್ಸೆನ್‌ಗೆ ಬರೆದೂ ಇದ್ದ. 1638ರಲ್ಲಿ ಫರ್ಮಾ ವಿಧಾನ ಕೈಗೆ ಬಂದಾಗ ದೆಕಾರ್ತ್ ಅದನ್ನ ತಪ್ಪು ಅಂದ, ಕಾಕತಾಳೀಯವಾಗಿ ಉತ್ತರ ಬಂದಿದೆ ಅನ್ನೋ ಧಾಟಿಯಲ್ಲಿ. ರೊಬೆರ್ವಾಲ್ ಮತ್ತು ಎತಿಯೆನ್ ಪಾಸ್ಕಲ್ ಫರ್ಮಾ ಪರ ನಿಂತರು. ದೇಸಾರ್ಗ್ ಮಧ್ಯಸ್ಥಿಕೆಗೆ ಬಂದ. ದೆಕಾರ್ತ್ ಸವಾಲಾಗಿ ಎಸೆದದ್ದು ಎಲೆಯ ಆಕಾರದ ಒಂದು ವಕ್ರರೇಖೆ: ಎಕ್ಸ್ ಘನ ಕೂಡಿಸು ವೈ ಘನ, ಅದು ಎಕ್ಸ್‌ವೈಯ ಒಂದು ಸ್ಥಿರ ಪಟ್ಟಿಗೆ ಸಮ. ನಮ್ಮ ಮೊದಲ ವರ್ಷದ ಮ್ಯಾಥ್ಸ್ ಪುಸ್ತಕಗಳಲ್ಲಿ ಕಾಣಿಸಿಕೊಳ್ಳೋ ಫೋಲಿಯಂ ಇದೇ. ದೆಕಾರ್ತ್ ಸ್ವಂತ ವಿಧಾನದಲ್ಲಿ ವೃತ್ತ ಎಳೆದು ಎರಡು ಮೂಲಗಳು ಒಂದಾಗೋ ಹಾಗೆ ಮಾಡಬೇಕಿತ್ತು, ಈ ರೇಖೆಗೆ ಅದು ತೀರಾ ಕಷ್ಟ. ಫರ್ಮಾ ಸ್ಪರ್ಶಕ ಎಳೆದು ತೋರಿಸಿದ. ದೆಕಾರ್ತ್ ಕೊನೆಗೆ ಒಪ್ಪಿಕೊಂಡ, ಆದರೆ ಮೊದಲೇ ಹೀಗೆ ವಿವರಿಸಿದ್ದರೆ ವಿರೋಧಿಸ್ತಿರಲಿಲ್ಲ ಅನ್ನೋ ಬಿಗುವಿನಲ್ಲಿ. ಈ ಜಗಳದಲ್ಲಿ ಯಾರು ಸರಿ ಅಂತ ಕೇಳಿದರೆ ಗಣಿತದಲ್ಲಿ ಫರ್ಮಾ. ಆದರೆ ಅರ್ಧಂಬರ್ಧ ಬರೆದು ಕಳಿಸಿ, ಅರ್ಥವಾಗಲಿಲ್ಲ ಅಂತ ಎದುರಿನವರನ್ನ ದೂರೋದೂ ಸರಿಯಲ್ಲ.

ಬೆಳಕಿನ ತಕರಾರು ಮಾತ್ರ ಮುಗಿಯಲಿಲ್ಲ. ದೆಕಾರ್ತ್ 1650ರಲ್ಲಿ ತೀರಿಹೋದ ಮೇಲೂ ಫರ್ಮಾ ಅದನ್ನ ಬಿಡಲಿಲ್ಲ. ಗಾಳಿಯಿಂದ ನೀರಿಗೆ ಹೋಗೋವಾಗ ಬೆಳಕು ಅತಿ ಕಡಿಮೆ ಸಮಯ ತಗೊಳ್ಳೋ ದಾರಿಯನ್ನ ಹಿಡಿಯುತ್ತೆ, ಮತ್ತು ದಟ್ಟ ಮಾಧ್ಯಮದಲ್ಲಿ ನಿಧಾನವಾಗುತ್ತೆ ಅಂತ ಇಟ್ಟುಕೊಂಡು 1662ರಲ್ಲಿ ತನ್ನ ಹಳೆಯ ಇ ವಿಧಾನವನ್ನೇ ಬಳಸಿ ಲೆಕ್ಕ ಮಾಡಿದ. ದೆಕಾರ್ತ್ ಹೇಳಿದ್ದ ಸೈನ್ ಅನುಪಾತದ ನಿಯಮವೇ ಹೊರಬಂತು! ಸುಳ್ಳು ಅಂತ ತೋರಿಸೋಕೆ ಹೊರಟಿದ್ದ ಫರ್ಮಾಗೇ ಆಶ್ಚರ್ಯ. ಆದರೆ ದೆಕಾರ್ತ್ ದಟ್ಟ ಮಾಧ್ಯಮದಲ್ಲಿ ಬೆಳಕು ಸುಲಭವಾಗಿ, ವೇಗವಾಗಿ ಹೋಗುತ್ತೆ ಅಂದಿದ್ದ. ನೀರಿನಲ್ಲಿ ಬೆಳಕು ನಿಧಾನ ಅಂತ ಪ್ರಯೋಗದಿಂದ ಖಚಿತವಾಗಿದ್ದು 1850ರಲ್ಲಿ, ಫ್ರಾನ್ಸಿನಲ್ಲೇ.

ಸಂಖ್ಯಾಶಾಸ್ತ್ರದ ಕಥೆ ಎಲ್ಲರಿಗೂ ಗೊತ್ತಿರೋದರಿಂದ ಬೇಗ ಮುಗಿಸ್ತೀವಿ. ಡಯೊಫ್ಯಾಂಟಸ್‌ನ ಪುಸ್ತಕದ ಅಂಚಿನಲ್ಲಿ ಬರೆದ ಟಿಪ್ಪಣಿ, ಸಾಧನೆಗೆ ಜಾಗ ಸಾಲದು ಅನ್ನೋ ನೆಪ, ಆಂಡ್ರ್ಯೂ ವೈಲ್ಸ್ 1995ರಲ್ಲಿ ಪ್ರಕಟಿಸಿದ ಸಾಧನೆ. ಫರ್ಮಾ ಯಾವಾಗಲೂ ಸರಿಯಿರಲಿಲ್ಲ ಅನ್ನೋದೂ ಗೊತ್ತಿರಲಿ: 2ರ ಘಾತ 32, ಕೂಡಿಸು 1, ಅಂದರೆ 4294967297 ಅವಿಭಾಜ್ಯ ಅಂತ ನಂಬಿದ್ದ, ಆಯ್ಲರ್ ಅದನ್ನ 641ರಿಂದ ಭಾಗಿಸಿ ತೋರಿಸಿದ. ನಮಗೆ ಹತ್ತಿರದ ಒಂದು ಸಂಗತಿ ಬೇರೆ ಇದೆ. 1657ರಲ್ಲಿ ಫರ್ಮಾ ಎಸೆದ ಸವಾಲುಗಳಲ್ಲಿ ಒಂದು: ಒಂದು ವರ್ಗದಿಂದ ಇನ್ನೊಂದು ವರ್ಗದ 61 ಪಟ್ಟು ಕಳೆದರೆ 1 ಉಳಿಯಬೇಕು, ಅಂಥ ಪೂರ್ಣಾಂಕಗಳು ಯಾವುವು? ಅತಿ ಚಿಕ್ಕ ಉತ್ತರವೇ 1766319049 ಮತ್ತು 226153980. ಇದೇ 61ರ ಲೆಕ್ಕವನ್ನ ಭಾಸ್ಕರಾಚಾರ್ಯ ಬೀಜಗಣಿತ ಗ್ರಂಥದಲ್ಲಿ ಚಕ್ರವಾಳ ವಿಧಾನದಿಂದ ಬಿಡಿಸಿ ಐದು ಶತಮಾನ ಆಗಿತ್ತು. ಭಾಸ್ಕರ ನಮ್ಮ ವಿಜಯಪುರದವನೇ ಹೌದೋ ಅಲ್ಲವೋ ಅನ್ನೋ ಚರ್ಚೆ ಬೇರೆ. ಫರ್ಮಾಗಂತೂ ಆತನ ಹೆಸರು ತಲುಪಿರಲಿಲ್ಲ.

1650ರ ದಶಕದ ಆರಂಭದಲ್ಲಿ ತುಲೂಸಿಗೆ ಪ್ಲೇಗ್ ಬಂತು. ಫರ್ಮಾಗೂ ತಗಲಿತು. 1653ರಲ್ಲಿ ಆತ ಸತ್ತುಹೋದ ಅಂತ ಸುದ್ದಿಯೂ ಹೊರಟು, ಆಮೇಲೆ ಅದು ಸುಳ್ಳು ಅಂತ ತಿದ್ದುಪಡಿ ಬಂತು. ಮರುವರ್ಷ, 1654ರಲ್ಲಿ, ಬ್ಲೇಸ್ ಪಾಸ್ಕಲ್ ಜೊತೆ ಪತ್ರವ್ಯವಹಾರ ಶುರು. ಅರ್ಧಕ್ಕೆ ನಿಂತ ಜೂಜಾಟದ ದುಡ್ಡನ್ನ ಹಂಚೋದು ಹೇಗೆ ಅನ್ನೋ ಪ್ರಶ್ನೆಯಿಂದ ಪ್ರಾಬಬಿಲಿಟಿ ಹುಟ್ಟಿದ್ದು ಅದರಲ್ಲೇ. ಅದೇ ವರ್ಷ ಫರ್ಮಾ, ತನ್ನ ಬರಹಗಳನ್ನ ಸೇರಿಸಿ ಅಚ್ಚು ಹಾಕಿಸಿ ಅಂತ ಪಾಸ್ಕಲ್‌ಗೂ ಕಾರ್ಕಾವಿಗೂ ಕೇಳಿಕೊಂಡ. ಬಿಟ್ಟುಹೋದ ಸಾಧನೆಗಳನ್ನ ನೀವೇ ತುಂಬಿ, ನನ್ನ ಹೆಸರೂ ಬೇಡ ಅನ್ನೋ ಮಟ್ಟಕ್ಕೆ ಬಂದಿದ್ದ. ಕೆಲಸ ಆಗಲಿಲ್ಲ. 1660ರಲ್ಲಿ ಇಬ್ಬರೂ ತಂತಮ್ಮ ಊರಿನಿಂದ ಹೊರಟು ನಡುದಾರಿಯಲ್ಲಿ ಭೇಟಿಯಾಗೋಣ ಅಂತ ಫರ್ಮಾ ಬರೆದ. ಪಾಸ್ಕಲ್ ಆರೋಗ್ಯ ಅಷ್ಟು ಹೊತ್ತಿಗೆ ಪೂರ್ತಿ ಹದಗೆಟ್ಟು, ಕೋಲಿಲ್ಲದೆ ನಡೆಯೋಕೂ ಆಗ್ತಿರಲಿಲ್ಲ. ಎರಡು ವರ್ಷಕ್ಕೆ ಆತ ತೀರಿಹೋದ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲೇ ಇಲ್ಲ.

ಫರ್ಮಾ ಕೊನೆಯವರೆಗೂ ನೌಕರಿಯಲ್ಲೇ ಇದ್ದ. ಕ್ಯಾಥೊಲಿಕರು ಮತ್ತು ಪ್ರಾಟೆಸ್ಟೆಂಟರ ನಡುವಿನ ವ್ಯಾಜ್ಯ ಕೇಳೋ ಪೀಠ ಕಾಸ್ತ್ರ್ ಅನ್ನೋ ಊರಿನಲ್ಲಿ ಕೂರ್ತಿತ್ತು. ಅಲ್ಲಿಗೆ ಕೆಲಸದ ಮೇಲೆ ಹೋದವನು 1665ರ ಜನವರಿ 12ರಂದು ಅಲ್ಲೇ ತೀರಿಹೋದ.

ಉಳಿದದ್ದು ಕಾಗದ. ಯೂರೋಪಿನ ಉದ್ದಗಲಕ್ಕೂ ಚೆಲ್ಲಿಹೋದ ಪತ್ರಗಳು, ಯಾರ್ಯಾರ ಹತ್ತಿರವೋ ಇದ್ದ ಹಸ್ತಪ್ರತಿಗಳು, ಮನೆಯಲ್ಲಿದ್ದ ಪುಸ್ತಕಗಳ ಅಂಚು. ಹಿರಿಯ ಮಗ ಕ್ಲೆಮಾಂ ಸ್ಯಾಮ್ಯುಯಲ್ ಅವನ್ನ ಕೂಡಿಸೋಕೆ ಕೂತ. 1670ರಲ್ಲಿ ಅಪ್ಪನ ಅಂಚಿನ ಟಿಪ್ಪಣಿಗಳ ಸಮೇತ ಡಯೊಫ್ಯಾಂಟಸ್‌ನ ಪುಸ್ತಕ ಅಚ್ಚಾಯ್ತು. ಫರ್ಮಾ ಕೈಬರಹ ಇದ್ದ ಮೂಲ ಪ್ರತಿ ಆಮೇಲೆ ಎಲ್ಲೋ ಕಳೆದುಹೋಯ್ತು, ಇವತ್ತಿಗೂ ಸಿಕ್ಕಿಲ್ಲ. ಮಗ ಆ ಕೆಲಸ ಮಾಡದೇ ಇದ್ದಿದ್ದರೆ ಕೊನೆಯ ಪ್ರಮೇಯ ಅನ್ನೋ ಹೆಸರೇ ನಮಗೆ ಗೊತ್ತಿರ್ತಿರಲಿಲ್ಲ. 1679ರಲ್ಲಿ ಉಳಿದ ಬರಹಗಳ ಸಂಪುಟ ಬಂತು. ಸ್ಪರ್ಶಕದ ವಿಧಾನವನ್ನ 1642ರಲ್ಲೇ ಎರಿಗೋನ್ ಅನ್ನೋವ್ನು ತನ್ನ ಪಠ್ಯದಲ್ಲಿ ಹಾಕಿದ್ದ. ಆದರೆ ಸರಳರೇಖೆಯ ಆ ಪುಟ್ಟ ಪ್ರವೇಶಿಕೆ ಮೊದಲ ಸಲ ಅಚ್ಚಿನ ಮುಖ ಕಂಡದ್ದು ಈ ಸಂಪುಟದಲ್ಲಿ, ಬರೆದು ನಲವತ್ತಕ್ಕೂ ಹೆಚ್ಚು ವರ್ಷವಾದ ಮೇಲೆ. ಆ ಹೊತ್ತಿಗೆ ದೆಕಾರ್ತ್ ಜ್ಯಾಮಿತಿ ಲ್ಯಾಟಿನ್‌ಗೆ ಅನುವಾದವಾಗಿ, ವ್ಯಾಖ್ಯಾನಗಳ ಸಮೇತ ಮರುಮುದ್ರಣವಾಗಿ, ಓದೋ ಹುಡುಗರೆಲ್ಲ ಅದರಿಂದಲೇ ಕಲಿತಾಗಿತ್ತು. ಕಲಿತವರಲ್ಲಿ ಕೇಂಬ್ರಿಜ್‌ನ ನ್ಯೂಟನ್ ಕೂಡ ಒಬ್ಬ. ಕ್ಯಾಲ್ಕುಲಸ್‌ನ ಮೊದಲ ಸುಳಿವು ತನಗೆ ಸಿಕ್ಕಿದ್ದು ಫರ್ಮಾ ಸ್ಪರ್ಶಕ ಎಳೆಯೋ ರೀತಿಯಿಂದ ಅಂತ ಆತ ಒಂದು ಕಡೆ ಬರೆದಿಟ್ಟಿದ್ದ. ಆ ಚೀಟಿ ಬೆಳಕಿಗೆ ಬಂದದ್ದು 1934ರಲ್ಲಿ.